ಒಂದು ಶನಿವಾರದ ಸೇವೆ ಸಾಕಾ?

ಆಫೀಸಿನ ಇನ್‌ಬಾಕ್ಸಿಗೆ ಆ ಮೇಲ್ ಬರೋದು ಸಾಮಾನ್ಯವಾಗಿ ಬುಧವಾರ. 'ಈ ಶನಿವಾರ ಸರ್ಕಾರಿ ಶಾಲೆಯ ಗೋಡೆಗೆ ಬಣ್ಣ ಬಳಿಯೋಣ ಬನ್ನಿ. ಮೊದಲು ಹೆಸರು ಕೊಟ್ಟ 40 ಮಂದಿಗೆ ಅವಕಾಶ. ಟೀ ಶರ್ಟು, ತಿಂಡಿ, ಬಸ್ಸು ಎಲ್ಲ ಇದೆ. ಮಕ್ಕಳನ್ನೂ ಕರ್ಕೊಂಡು ಬರಬಹುದು.' ಶನಿವಾರ ಸಂಜೆ ಹೊತ್ತಿಗೆ ಗ್ರೂಪ್ ಫೋಟೋ ಲಿಂಕ್ಡ್‌ಇನ್‌ನಲ್ಲಿ ಇರುತ್ತದೆ. ಸೋಮವಾರ ಎಲ್ಲರೂ ಮತ್ತೆ ಸ್ಪ್ರಿಂಟು, ಡೆಡ್‌ಲೈನು.

ಇದನ್ನು ಗೇಲಿ ಮಾಡೋಕೆ ಬರೆಯುತ್ತಿಲ್ಲ. ಮಲಗಿ ಕಳೆಯಬಹುದಾಗಿದ್ದ ಶನಿವಾರವನ್ನು ಬಿಟ್ಟು ಬಿಸಿಲಲ್ಲಿ ಬ್ರಷ್ಷು ಹಿಡಿದು ನಿಂತವರ ಮನಸ್ಸು ದೊಡ್ಡದೇ. ಬಣ್ಣ ಬಳಿದ ಗೋಡೆ ಮಕ್ಕಳಿಗೂ ಖುಷಿ ಕೊಡುತ್ತದೆ. ಆದರೆ ಜೊತೆಗೆ ಕರ್ಕೊಂಡು ಹೋದ ಮಗ, ತಂಗಿ, ಹೊಸದಾಗಿ ಸೇರಿದ ಇಂಟರ್ನ್ ಇವರೆಲ್ಲ ಆ ದಿನದಿಂದ ಏನು ಕಲಿತರು ಅಂತ ಕೇಳಿದರೆ ಉತ್ತರ ಸ್ವಲ್ಪ ಕಷ್ಟ. 'ಬಡವರಿಗೆ ಸಹಾಯ ಮಾಡಿದ್ವಿ' ಅಂತ ಹೇಳಬಹುದು. ಆ ಶಾಲೆಯಲ್ಲಿ ಎಷ್ಟು ಮೇಷ್ಟ್ರಿದ್ದಾರೆ, ನೀರು ಎಲ್ಲಿಂದ ಬರುತ್ತೆ, ಮಕ್ಕಳು ಎಷ್ಟು ದೂರದಿಂದ ನಡ್ಕೊಂಡು ಬರ್ತಾರೆ ಅನ್ನೋದು ಗೊತ್ತಿರುವುದಿಲ್ಲ. ಯಾಕಂದ್ರೆ ಯಾರೂ ಕೇಳಿರುವುದಿಲ್ಲ.

ಕಳೆದ ಸಲದ ಅಂಕಣ ಓದಿ ಒಬ್ಬ ಓದುಗರು ಕೇಳಿದ್ದರು: 'ನನ್ನ ತಮ್ಮ ಪಿಯುಸಿ. ವಿದೇಶದಲ್ಲಿ ಓದಬೇಕಂತೆ, ಅದಕ್ಕೆ ಸಮಾಜಸೇವೆಯ ಸರ್ಟಿಫಿಕೇಟ್ ಬೇಕಂತೆ. ಎಲ್ಲಿ ಬೇಗ ಸಿಗುತ್ತೆ?' ಪ್ರಶ್ನೆಯಲ್ಲಿ ಮುಚ್ಚುಮರೆ ಇಲ್ಲ, ಅದು ಇಷ್ಟವಾಯಿತು. ಸರ್ಟಿಫಿಕೇಟ್‌ಗೆ ಅಂತ ಶುರುವಾದ ಕೆಲಸವೂ ಒಳ್ಳೆಯ ಕಡೆಗೆ ತಿರುಗಬಹುದು. ತಿರುಗಿಸೋದು ಹೇಗೆ ಅನ್ನೋದೇ ಈ ಸಲದ ವಿಷಯ.

ಎನ್‌ಎಸ್‌ಎಸ್ ಕ್ಯಾಂಪು ನೆನಪಿದೆಯಾ?

ನಮ್ಮಲ್ಲಿ ಬಹಳ ಜನರಿಗೆ ಸೇವೆಯ ಮೊದಲ ಪಾಠ ಆಗಿದ್ದು ರಾಷ್ಟ್ರೀಯ ಸೇವಾ ಯೋಜನೆಯಲ್ಲಿ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷದಲ್ಲಿ, ದೇಶದ 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40 ಸಾವಿರ ವಿದ್ಯಾರ್ಥಿಗಳೊಂದಿಗೆ ಅದು ಶುರುವಾಯಿತು. ಅದಕ್ಕೇ ಇವತ್ತಿಗೂ ಸೆಪ್ಟೆಂಬರ್ 24 ಎನ್‌ಎಸ್‌ಎಸ್ ದಿನ. ಬ್ಯಾಡ್ಜಿನ ಮೇಲಿದ್ದ ಚಕ್ರ ಕೋನಾರ್ಕದ ಸೂರ್ಯ ದೇವಾಲಯದ ರಥದ್ದು. ಧ್ಯೇಯವಾಕ್ಯ 'ನನಗಲ್ಲ, ನಿನಗೆ'. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಅದರ ಜೊತೆ ಏಳು ದಿನದ ವಿಶೇಷ ಶಿಬಿರ. ಇದು ನಿಯಮ.

ನಿಯಮ ಮರೆತರೂ ಶಿಬಿರ ಯಾರೂ ಮರೆಯಲ್ಲ. ಊರ ಶಾಲೆಯ ಕೊಠಡಿಯಲ್ಲಿ ಜಮಖಾನೆ ಹಾಸಿ ಮಲಗಿದ್ದು, ಬೆಳಗ್ಗೆ ಐದೂವರೆಗೆ ಎಬ್ಬಿಸಿ ಪ್ರಭಾತಫೇರಿ ಹೊರಡಿಸಿದ್ದು, ಚಿತ್ರಾನ್ನ, ಮಧ್ಯಾಹ್ನದವರೆಗೆ ಶ್ರಮದಾನ, ಚರಂಡಿ ಎತ್ತೋದು, ದೇವಸ್ಥಾನದ ಮುಂದಿನ ಕಳೆ ಕೀಳೋದು, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಊರವರ ಮುಂದೆ ವರದಕ್ಷಿಣೆ ವಿರುದ್ಧ ನಾಟಕ. ಯಾವುದೋ ಜಗಲಿಯಿಂದ ಒಬ್ಬ ಅಜ್ಜಿ 'ಯಾವೂರು ಮಗಾ, ಕಾಪಿ ಕುಡ್ಕೊಂಡು ಹೋಗು' ಅಂತ ಕರೆದದ್ದು.

ಆ ಏಳು ದಿನ ಒಂದು ದೊಡ್ಡ ಕೆಲಸ ಮಾಡುತ್ತದೆ. ಬೇರೆ ಬೇರೆ ಮನೆತನದ, ಬೇರೆ ಬೇರೆ ಜಾತಿಯ, ಪಟ್ಟಣದ ಮತ್ತು ಹಳ್ಳಿಯ ಹುಡುಗ ಹುಡುಗಿಯರು ಒಂದೇ ಪಾತ್ರೆಯ ಅನ್ನ ಉಣ್ಣುತ್ತಾರೆ, ಒಂದೇ ಚರಂಡಿಗೆ ಇಳಿಯುತ್ತಾರೆ. ಚರಂಡಿಗೆ ಇಳಿಯೋದು ಯಾರ ಕೆಲಸ ಅಂತ ಸಮಾಜ ಶತಮಾನಗಳಿಂದ ನಿಗದಿ ಮಾಡಿಟ್ಟಿರುವಾಗ, ಕಾಲೇಜಿನ ಹುಡುಗರು ಗುದ್ದಲಿ ಹಿಡಿದು ಇಳಿಯೋದು ಸಣ್ಣ ವಿಷಯ ಅಲ್ಲ.

ಶಿಬಿರ ಕಲಿಸದೇ ಇದ್ದದ್ದೂ ಇದೆ. ನಾವು ಎತ್ತಿದ ಚರಂಡಿ ಮುಂದಿನ ಮಳೆಗಾಲಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. ಯಾಕೆ ತುಂಬಿತು? ಇಳಿಜಾರು ಸರಿ ಇಲ್ಲವಾ, ನೀರು ಹೋಗಿ ಸೇರೋಕೆ ಕೊನೆಯಲ್ಲಿ ಜಾಗ ಇಲ್ಲವಾ, ಪಂಚಾಯ್ತಿಯಲ್ಲಿ ಅದಕ್ಕೆ ಹಣ ಇಟ್ಟಿದ್ದಾರಾ, ಆ ಕೇರಿಯ ಚರಂಡಿ ಮಾತ್ರ ಕಚ್ಚಾ ಯಾಕೆ? ಈ ನಾಲ್ಕು ಪ್ರಶ್ನೆ ಕೇಳಿದ ದಿನ ಸೇವೆ ಅನ್ನೋದು ಸಮುದಾಯ ಅಭಿವೃದ್ಧಿಯ ಕಡೆ ಒಂದು ಹೆಜ್ಜೆ ಇಟ್ಟಹಾಗೆ. ಒಳ್ಳೆಯ ಎನ್‌ಎಸ್‌ಎಸ್ ಅಧಿಕಾರಿಗಳು ಇದನ್ನು ಬಲ್ಲರು. ಒಂದೇ ಊರನ್ನು ದತ್ತು ತಗೊಂಡು ವರ್ಷಗಟ್ಟಲೆ ಅಲ್ಲಿಗೇ ಹೋಗಬೇಕು ಅನ್ನುವ ಆಲೋಚನೆ ಯೋಜನೆಯಲ್ಲೇ ಇದೆ. ಪ್ರತಿ ವರ್ಷ ಹೊಸ ಊರು ಹುಡುಕೋದು ಸುಲಭ, ಹಳೇ ಊರಿಗೆ ಮತ್ತೆ ಹೋಗಿ 'ನಾವು ಮಾಡಿದ್ದು ಉಳೀತಾ?' ಅಂತ ಕೇಳೋದು ಕಷ್ಟ.

ಮಾತ್ರೆಯಿಂದ ಶುರುವಾಗಿ ಹಕ್ಕಿನವರೆಗೆ

'ಹಾಗಾದ್ರೆ ಅನ್ನದಾನ, ರಕ್ತದಾನ ಎಲ್ಲ ಬೇಡ್ವಾ?' ಅಂತ ಕೆಲವರು ಕೇಳಬಹುದು. ಖಂಡಿತ ಬೇಕು. ಹಸಿದವನಿಗೆ ಇವತ್ತು ಬೇಕಿರೋದು ಅನ್ನ. ಹಸಿವಿನ ಕಾರಣಗಳ ಬಗ್ಗೆ ಸೆಮಿನಾರ್ ಆಮೇಲೆ. ಪ್ರವಾಹ ಬಂದಾಗ ದೋಣಿ ಬೇಕು, ಬ್ಲ್ಯಾಂಕೆಟ್ ಬೇಕು. ಆದರೆ ಅದು ಕೆಲಸದ ಮೊದಲ ಮೆಟ್ಟಿಲು. ಮುಂದಿನ ಮೆಟ್ಟಿಲುಗಳು ಹೇಗಿರುತ್ತವೆ ಅಂತ ತೋರಿಸೋಕೆ ನಮ್ಮ ರಾಜ್ಯದಲ್ಲೇ ಎರಡು ಉದಾಹರಣೆ ಇವೆ.

ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದದ್ದು ವೈದ್ಯರಾಗಿ. ಸೋಲಿಗರ ಕಾಯಿಲೆಗೆ ಔಷಧಿ ಕೊಡೋದು ಮೊದಲ ಉದ್ದೇಶ. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಔಷಧಿ ಕೊಡ್ತಾ ಹೋದ ಹಾಗೆ ಕಂಡದ್ದು ಇಷ್ಟು: ಮಕ್ಕಳಿಗೆ ಶಾಲೆ ಇಲ್ಲದಿದ್ದರೆ, ಕಾಡಿನ ಜೇನು ನೆಲ್ಲಿಕಾಯಿಗೆ ನ್ಯಾಯವಾದ ಬೆಲೆ ಸಿಗದಿದ್ದರೆ, ತಲೆತಲಾಂತರದಿಂದ ಬದುಕಿದ ಜಾಗದಲ್ಲಿ ಇರೋದಕ್ಕೇ ಹಕ್ಕಿಲ್ಲದಿದ್ದರೆ ಮಾತ್ರೆಯೊಂದರಿಂದ ಆರೋಗ್ಯ ಬರೋದಿಲ್ಲ. ಹಾಗಾಗಿ ಶಾಲೆ ಬಂತು, ಕುಶಲ ತರಬೇತಿ ಬಂತು, ಸೋಲಿಗರ ಸಂಘಟನೆ ಬಂತು. 1994ರಲ್ಲಿ ಸುದರ್ಶನ್ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದದ್ದು ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು 2011. ಆ ವರ್ಷ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರಗಳು ಸಿಕ್ಕವು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಅರ್ಜಿ ಹಾಕಿದ್ದು, ನಕ್ಷೆ ಹಿಡಿದು ತಮ್ಮ ಕಾಡಿನ ಗಡಿ ತೋರಿಸಿದ್ದು ಸೋಲಿಗರೇ. ಮೂವತ್ತು ವರ್ಷದ ಹಿಂದೆ ಔಷಧಿ ತಗೊಳ್ಳೋಕೆ ಬಂದವರ ಸಮುದಾಯ ತನ್ನ ಹಕ್ಕನ್ನು ತಾನೇ ಕೇಳಿ ಪಡೆಯಿತು.

ಇನ್ನೊಂದು ಉದಾಹರಣೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು, ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಶುರು ಮಾಡಿದ್ದು. ಇನ್ನೂ ಓದುತ್ತಿದ್ದ ಹುಡುಗರು ಅನ್ನೋದು ಗಮನಿಸಿ. ಅಲ್ಲಿಂದ ಎಚ್.ಡಿ. ಕೋಟೆ ತಾಲ್ಲೂಕಿಗೆ ಹೋದರು. ಕಬಿನಿ ಜಲಾಶಯ, ಬಂಡೀಪುರದ ಕಾಡು ಇವೆರಡರ ನಡುವೆ ನೆಲೆ ಕಳೆದುಕೊಂಡ ಜೇನುಕುರುಬ, ಕಾಡುಕುರುಬ, ಯರವ ಸಮುದಾಯಗಳ ನಡುವೆ ಕೆಲಸ. ಅಲ್ಲೂ ಅದೇ ಹಾದಿ. ಮೊದಲು ಆರೋಗ್ಯ, ಆಮೇಲೆ ಶಿಕ್ಷಣ, ಆಮೇಲೆ ಸಮುದಾಯ ಅಭಿವೃದ್ಧಿ.

ಎರಡರಲ್ಲೂ ಒಂದು ಸಮಾನ ಅಂಶ ಇದೆ. ಅವರು ಅಲ್ಲೇ ಉಳಿದರು. ನಾವು ನೀವು ಕೆಲಸ ಬಿಟ್ಟು ಕಾಡಿಗೆ ಹೋಗಿ ಉಳಿಯೋಕೆ ಆಗಲ್ಲ, ಇಎಂಐ ಇದೆ. ಆದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗೋಕೆ ಆಗುತ್ತೆ. ವರ್ಷಕ್ಕೆ ಹನ್ನೆರಡು ಬೇರೆ ಬೇರೆ ಕಡೆ ಹೋಗೋದಕ್ಕಿಂತ ಒಂದೇ ಕಡೆ ಹನ್ನೆರಡು ಸಲ ಹೋದರೆ ಜೊತೆಗಿರುವ ಹುಡುಗರು ಹೆಚ್ಚು ಕಲೀತಾರೆ. ಮೂರನೇ ಭೇಟಿಯ ಹೊತ್ತಿಗೆ ಅಲ್ಲಿನವರು ಔಪಚಾರಿಕವಾಗಿ ಥ್ಯಾಂಕ್ಸ್ ಹೇಳೋದು ನಿಲ್ಲಿಸಿ ನಿಜವಾದ ವಿಷಯ ಮಾತಾಡೋಕೆ ಶುರು ಮಾಡ್ತಾರೆ.

ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ

ಹುಡುಗರಿಗೆ ಕಲಿಸೋಕೆ ಒಂದು ಒಳ್ಳೆಯ ವಿಧಾನ ಹೇಳ್ತೀನಿ. ಇದು ನನ್ನದಲ್ಲ. ಸಹಭಾಗಿ ಗ್ರಾಮೀಣ ಅಧ್ಯಯನ ಅಂತ ಕರೆಯುವ, ಪಿಆರ್‌ಎ ಅನ್ನುವ ಹೆಸರಿನಲ್ಲಿ ಸಮಾಜಕಾರ್ಯ ಓದಿದ ಎಲ್ಲರಿಗೂ ಗೊತ್ತಿರುವ ವಿಧಾನ. ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಇದರ ಬಗ್ಗೆ ಬಹಳ ಬರೆದರು. ಅದು ಬೆಳೆದ ಜಾಗಗಳಲ್ಲಿ ಕರ್ನಾಟಕವೂ ಒಂದು, ಮೈರಾಡ ಸಂಸ್ಥೆಯ ಮೂಲಕ. 1968ರಲ್ಲಿ ಟಿಬೆಟನ್ ನಿರಾಶ್ರಿತರಿಗೆ ನೆಲೆ ಕಲ್ಪಿಸೋಕೆ ಹುಟ್ಟಿದ ಮೈರಾಡ ಆಮೇಲೆ ಹಳ್ಳಿಗಳ ಕಡೆ ತಿರುಗಿತು. ಇವತ್ತು ನಮ್ಮ ಊರಿನ ಅಮ್ಮಂದಿರೆಲ್ಲ ಸೇರಿರುವ ಸ್ವಸಹಾಯ ಸಂಘಗಳ ಆರಂಭದ ಕಥೆಯಲ್ಲೂ ಅದರ ಪಾಲಿದೆ. 1980ರ ದಶಕದಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆ ಇದ್ದವರು ತಾವೇ ಸಣ್ಣ ಸಣ್ಣ ಗುಂಪಾಗೋದನ್ನು ಸಂಸ್ಥೆಯವರು ಗಮನಿಸಿದರು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಶುರು ಮಾಡಿತು. ಜನ ಆಗಲೇ ಮಾಡ್ತಾ ಇದ್ದದ್ದನ್ನು ನೋಡಿ, ಅದಕ್ಕೆ ಬಲ ಕೊಟ್ಟದ್ದು ಅಲ್ಲಿನ ಜಾಣ್ಮೆ.

ಈಗ ನಕ್ಷೆಗೆ ಬರೋಣ. ಊರಿನ ಅರಳಿಕಟ್ಟೆ ಮುಂದೆ ಅಥವಾ ಶಾಲೆಯ ಅಂಗಳದಲ್ಲಿ ಊರವರನ್ನು ಕೂರಿಸಿ, ರಂಗೋಲಿ ಪುಡಿ, ಕಲ್ಲು, ಎಲೆ, ಕಾಳು ಕೊಟ್ಟು 'ನಿಮ್ಮೂರನ್ನ ಬರೀರಿ' ಅನ್ನೋದು. ಹೊರಗಿನವರು ಕಡ್ಡಿ ಹಿಡಿಯಬಾರದು. ನಮ್ಮ ಹೆಣ್ಣುಮಕ್ಕಳಿಗೆ ರಂಗೋಲಿ ಬೆರಳ ತುದಿಯಲ್ಲಿರುತ್ತದೆ. ಪೆನ್ನು ಕೊಟ್ಟರೆ ಹಿಂದೆ ಸರಿಯುವ ಅಮ್ಮ ರಂಗೋಲಿ ಪುಡಿ ಕೊಟ್ಟರೆ ಮುಂದೆ ಬರ್ತಾಳೆ. ಅರ್ಧ ಗಂಟೆಯಲ್ಲಿ ರಸ್ತೆ, ಬಾವಿ, ಬೋರ್‌ವೆಲ್, ದೇವಸ್ಥಾನ, ಮಸೀದಿ, ಅಂಗನವಾಡಿ, ಹೆಂಡದಂಗಡಿ ಎಲ್ಲ ನೆಲದ ಮೇಲೆ ಬರುತ್ತವೆ. ಆಮೇಲೆ ಪ್ರಶ್ನೆ. ಗಂಡ ಇಲ್ಲದ ಮನೆ ಯಾವುದು? ಅಲ್ಲೊಂದು ಕೆಂಪು ಕಾಳು ಇಡಿ. ದುಡಿಯೋಕೆ ಬೆಂಗಳೂರಿಗೆ ಹೋದವರ ಮನೆ? ಅಲ್ಲೊಂದು ಕಲ್ಲು. ನಡೆಯೋಕೆ ಆಗದವರು ಇರುವ ಮನೆ? ಬೇಸಿಗೆಯಲ್ಲಿ ಮೊದಲು ಒಣಗುವ ನಲ್ಲಿ?

ಆಗ ಒಂದು ವಿಷಯ ಕಣ್ಣಿಗೆ ಕಾಣುತ್ತದೆ. ಕೆಂಪು ಕಾಳುಗಳು ಒಂದೇ ಕೇರಿಯಲ್ಲಿ ಗುಂಪಾಗಿರಬಹುದು. ನಲ್ಲಿ ಮತ್ತೊಂದು ತುದಿಯಲ್ಲಿರಬಹುದು. ಗಂಡಸರು ಬರೆದ ನಕ್ಷೆಯಲ್ಲಿ ಇಲ್ಲದ ಜಾಗಗಳು ಹೆಂಗಸರು ಬರೆದ ನಕ್ಷೆಯಲ್ಲಿ ಇರುತ್ತವೆ: ಸೌದೆ ತರುವ ದಾರಿ, ಕತ್ತಲಾದ ಮೇಲೆ ಹೋಗೋಕೆ ಭಯವಾಗುವ ತಿರುವು. ಮಕ್ಕಳ ನಕ್ಷೆ ಇನ್ನೂ ಬೇರೆ. ನಾಯಿ ಕಾಟ ಇರುವ ಮನೆ, ಮಳೆಗಾಲದಲ್ಲಿ ದಾಟೋಕೆ ಆಗದ ಹಳ್ಳ. ಪಿಯುಸಿ ಹುಡುಗನಿಗೆ ಬಡತನ ಅಂದ್ರೆ ಏನು ಅಂತ ನೀವು ಒಂದು ಗಂಟೆ ಭಾಷಣ ಮಾಡೋದಕ್ಕಿಂತ ಈ ನಕ್ಷೆಯ ಪಕ್ಕ ಸುಮ್ಮನೆ ನಿಂತರೆ ಸಾಕು.

ನಗರದಲ್ಲೂ ಇದನ್ನು ಮಾಡಬಹುದು. ನಿಮ್ಮ ಅಪಾರ್ಟ್‌ಮೆಂಟಿನ ಮಕ್ಕಳ ಕೈಗೆ ಒಂದು ಚಾರ್ಟು ಕೊಟ್ಟು 'ಈ ಕಟ್ಟಡ ನಡೆಯೋಕೆ ಯಾರ್ಯಾರು ಕೆಲಸ ಮಾಡ್ತಾರೆ, ಅವರು ಎಲ್ಲಿಂದ ಬರ್ತಾರೆ, ಎಲ್ಲಿ ಊಟ ಮಾಡ್ತಾರೆ, ಯಾವ ಶೌಚಾಲಯ ಬಳಸ್ತಾರೆ' ಅಂತ ಅವರನ್ನೇ ಕೇಳಿ ಬರೆಯೋಕೆ ಹೇಳಿ. ಸೆಕ್ಯೂರಿಟಿ ಅಂಕಲ್, ಮನೆಗೆಲಸದ ಅಕ್ಕ, ಕಸ ತಗೊಂಡು ಹೋಗುವ ಪೌರಕಾರ್ಮಿಕರು. ಸೇವೆಗೆ ಬಸ್ಸು ಹತ್ತಿ ಹೋಗಬೇಕಾದ ಊರು ಕೆಲವು ಸಲ ನಮ್ಮ ಬೇಸ್‌ಮೆಂಟಿನಲ್ಲೇ ಇರುತ್ತದೆ.

ಮಕ್ಕಳೇ ಪ್ರಶ್ನೆ ಕೇಳುವ ಸಭೆ

ಹದಿಹರೆಯದವರಿಗೆ ನಾವು ಕೊಡುವ ಪಾಠದಲ್ಲಿ ಒಂದು ಕೊರತೆ ಇದೆ. ಅವರನ್ನು 'ಸಹಾಯ ಮಾಡುವವರು' ಅಂತ ಮಾತ್ರ ನೋಡ್ತೀವಿ, ನಾಗರಿಕರು ಅಂತ ನೋಡೋದಿಲ್ಲ.

ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯತ್‌ಗಳು ನಡೆದವು. ದುಡಿಯುವ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ, ಮತ್ತು ಆ ಮಕ್ಕಳದೇ ಸಂಘಟನೆಯಾದ ಭೀಮ ಸಂಘ ಇದರ ಹಿಂದಿದ್ದವು. ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿ, ದೊಡ್ಡವರ ಪಂಚಾಯ್ತಿಯ ಮುಂದೆ ತಮ್ಮ ಸಮಸ್ಯೆ ಇಡೋದು. ಆಮೇಲೆ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಮಕ್ಕಳಿಗಾಗಿಯೇ ವಿಶೇಷ ಗ್ರಾಮಸಭೆ ನಡೆಸಬೇಕು ಅಂತ ಆದೇಶ ಮಾಡಿತು. ಮಕ್ಕಳ ಗ್ರಾಮಸಭೆ ಈಗ ಸಾಮಾನ್ಯವಾಗಿ ನವೆಂಬರ್ ನಂತರದ ತಿಂಗಳುಗಳಲ್ಲಿ ನಡೆಯುತ್ತದೆ.

ಅಲ್ಲಿ ಮಕ್ಕಳು ಕೇಳೋದು ಏನು? ಶಾಲೆಯ ಶೌಚಾಲಯಕ್ಕೆ ನೀರಿಲ್ಲ. ಬಸ್ಸು ನಿಲ್ಲಿಸಲ್ಲ. ಕಾಂಪೌಂಡ್ ಇಲ್ಲ, ರಾತ್ರಿ ಕುಡುಕರು ಬಂದು ಬಾಟಲಿ ಒಡೀತಾರೆ. ಮೈಕ್ ಮುಂದೆ ನಿಂತು, ಅಧ್ಯಕ್ಷರು, ಪಿಡಿಒ ಎದುರಿಗೆ ಕೂತಿರುವಾಗ ಏಳನೇ ಕ್ಲಾಸಿನ ಹುಡುಗಿ ಇದನ್ನು ಹೇಳಬೇಕಾದರೆ ಎಷ್ಟು ಧೈರ್ಯ ಬೇಕು ಯೋಚನೆ ಮಾಡಿ. ನಮ್ಮ ಪೈಕಿ ಎಷ್ಟು ಜನ ಆಫೀಸಿನ ಟೌನ್‌ಹಾಲ್‌ನಲ್ಲಿ ಕೈ ಎತ್ತಿ ಪ್ರಶ್ನೆ ಕೇಳಿದ್ದೀವಿ?

ಕೆಲವು ಕಡೆ ಈ ಸಭೆ ಭಾಷಣ, ಹಾರ, ಬಿಸ್ಕತ್ತಿಗೆ ಮುಗಿದುಹೋಗುತ್ತದೆ. ಹಿಂದಿನ ವರ್ಷ ಕೇಳಿದ್ದಕ್ಕೆ ಏನಾಯ್ತು ಅಂತ ಓದಿ ಹೇಳುವವರು ಇಲ್ಲದಿದ್ದರೆ ಹಾಗಾಗೋದು ಸಹಜ. ಊರಿನ ಕಡೆ ಹೋಗಿ ಬರುವ ನಿಮ್ಮಂಥವರ ಕೆಲಸ ಇಲ್ಲೇ ಇದೆ. ನಿಮ್ಮೂರಲ್ಲಿ ಮಕ್ಕಳ ಗ್ರಾಮಸಭೆ ಯಾವಾಗ ಅಂತ ಪಂಚಾಯ್ತಿಯಲ್ಲಿ ಕೇಳಿ. ಸಭೆಗೆ ಒಂದು ವಾರ ಮೊದಲು ಶಾಲೆಯ ಮಕ್ಕಳ ಜೊತೆ ಕೂತು, ಅವರ ಸಮಸ್ಯೆಗಳ ಪಟ್ಟಿ ಮಾಡೋಕೆ ನೆರವಾಗಿ. ಎಷ್ಟು ನಲ್ಲಿ, ಎಷ್ಟು ಮಕ್ಕಳು, ಎಷ್ಟು ದೂರ ಅಂತ ಅವರೇ ಎಣಿಸಿ, ಅಳೆದು ಬರೆಯಲಿ. ಬರೀ ದೂರಿಗೂ ಲೆಕ್ಕ ಇರುವ ದೂರಿಗೂ ವ್ಯತ್ಯಾಸ ಇದೆ ಅನ್ನೋದು ನಮ್ಮಂಥ ಎಕ್ಸೆಲ್ ಜನಕ್ಕೆ ಬೇರೆ ಹೇಳಬೇಕಿಲ್ಲ. ದೊಡ್ಡವರ ವಾರ್ಡ್ ಸಭೆ, ಗ್ರಾಮಸಭೆಗಳೂ ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಹದಿನೆಂಟು ತುಂಬಿದ ತಮ್ಮ ತಂಗಿಯರನ್ನು ಒಂದು ಸಲ ಅಲ್ಲಿ ಕೂರಿಸಿ.

ಫೋನ್ ಇದ್ದವರು ಮಾಡಬಹುದಾದ ಕೆಲಸ

ನಗರದಲ್ಲಿರುವ ಯುವಕರಿಗೆ ಒಂದು ಸ್ಪಷ್ಟವಾದ ಕೆಲಸ ಹೇಳಿ ಅಂದ್ರೆ ನಾನು ಹೇಳೋದು ಇದು: ಅರ್ಜಿ.

ನಿಮ್ಮ ಬೀದಿಯಲ್ಲಿ ಕಟ್ಟಡ ಏಳುತ್ತಿದೆ ಅಂದುಕೊಳ್ಳಿ. ಅಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಸಂಸಾರಗಳಿರುತ್ತವೆ. ಕಟ್ಟಡ ಕಾರ್ಮಿಕರಿಗೆ ರಾಜ್ಯದಲ್ಲಿ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಮಾಡಿಸಿಕೊಳ್ಳಬಹುದು. ನೋಂದಣಿ ಇದ್ದರೆ ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತವಾದರೆ ನೆರವು ಕೇಳುವ ದಾರಿ ತೆರೆಯುತ್ತದೆ. ಆದರೆ ಅರ್ಜಿ ಆನ್‌ಲೈನ್. 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು. ಒಟಿಪಿ ಬರುವ ನಂಬರು ಮೂರು ಸಿಮ್ ಹಿಂದಿನದು. ದಿನಗೂಲಿ ಬಿಟ್ಟು ಸೈಬರ್ ಸೆಂಟರಿನಲ್ಲಿ ನಾಲ್ಕು ದಿನ ಕಾಯೋಕೆ ಅವರಿಗೆ ಆಗಲ್ಲ.

ನಮಗೆ ಹತ್ತು ನಿಮಿಷದ ಕೆಲಸ ಅನ್ನಿಸೋದು ಅವರಿಗೆ ದೊಡ್ಡ ಗೋಡೆ. ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ಯುಡಿಐಡಿ ಕಾರ್ಡು, ಮಕ್ಕಳ ವಿದ್ಯಾರ್ಥಿವೇತನ ಎಲ್ಲದರದ್ದೂ ಇದೇ ಕಥೆ. ಇಬ್ಬರು ಹುಡುಗರು, ತಿಂಗಳಿಗೆ ಎರಡು ಭಾನುವಾರ, ಒಂದು ಲ್ಯಾಪ್‌ಟಾಪು. ಇಷ್ಟಿದ್ದರೆ ವರ್ಷದಲ್ಲಿ ಒಂದು ಶೆಡ್ಡು ಸಾಲಿನ ಕಾಗದಪತ್ರ ಸರಿ ಮಾಡಬಹುದು.

ಕೆಲವು ಕಟ್ಟುನಿಟ್ಟು ಮಾತ್ರ ಇರಲಿ. ಯಾರ ಆಧಾರ್ ಪ್ರತಿಯನ್ನೂ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಡಿ, ಕೆಲಸ ಮುಗಿದ ಕೂಡಲೇ ಅವರ ಎದುರಿಗೇ ಅಳಿಸಿ. ಒಟಿಪಿಯನ್ನು ಅವರೇ ಓದಿ ಹೇಳಲಿ, ಅದು ಯಾತಕ್ಕೆ ಅಂತ ಮೊದಲು ವಿವರಿಸಿ. 'ಖಂಡಿತ ದುಡ್ಡು ಬರುತ್ತೆ' ಅಂತ ಮಾತು ಕೊಡಬೇಡಿ. ಮಂಜೂರು ಮಾಡೋದು ಇಲಾಖೆ, ನೀವಲ್ಲ. ಎರಡನೇ ಅರ್ಜಿಯನ್ನು ಅವರ ಮನೆಯ ಓದು ಬಲ್ಲ ಮಗಳ ಕೈಯಲ್ಲಿ ತುಂಬಿಸಿ. ಮೂರನೆಯದಕ್ಕೆ ನೀವು ಬೇಕಾಗಬಾರದು. ಅರ್ಜಿ ತಿರಸ್ಕಾರವಾದರೆ ಜೊತೆಗಿರುವ ಹುಡುಗನನ್ನು ಕಚೇರಿಗೆ ಕಳಿಸಿ. ಕೌಂಟರಿನಲ್ಲಿ ಮೂರು ಸಲ 'ನಾಳೆ ಬನ್ನಿ' ಅನ್ನಿಸಿಕೊಂಡ ಮೇಲೆ, ಕೂಲಿ ಬಿಟ್ಟು ಬಂದವರಿಗೆ ಆ ಮಾತಿನ ಬೆಲೆ ಎಷ್ಟು ಅಂತ ಅವನಿಗೆ ಅರ್ಥವಾಗುತ್ತೆ.

ಫೋಟೋ, ಕೇಕು, ಮತ್ತು ಮರ್ಯಾದೆ

ಹುಟ್ಟುಹಬ್ಬವನ್ನು ಮಕ್ಕಳ ಆಶ್ರಮದಲ್ಲಿ ಆಚರಿಸುವ ಪದ್ಧತಿ ಈಗ ಬಹಳ ಇದೆ. ಉದ್ದೇಶ ಒಳ್ಳೆಯದೇ. ಆದರೆ ಆ ಮಕ್ಕಳ ಕಡೆಯಿಂದ ನೋಡಿ. ವಾರಕ್ಕೆ ಎರಡು ಸಲ ಗುರುತಿಲ್ಲದವರು ಬರ್ತಾರೆ. ಸಾಲಾಗಿ ಕೂರಬೇಕು, ಹಾಡಬೇಕು, ಚಪ್ಪಾಳೆ ತಟ್ಟಬೇಕು, 'ಥ್ಯಾಂಕ್ಯೂ ಅಂಕಲ್' ಅನ್ನಬೇಕು. ಒಬ್ಬ ಅಕ್ಕ ತುಂಬ ಪ್ರೀತಿಯಿಂದ ಮಾತಾಡಿಸಿ 'ಮತ್ತೆ ಬರ್ತೀನಿ' ಅಂತಾಳೆ, ಬರೋದಿಲ್ಲ. ಹೀಗೆ ಬಿಟ್ಟುಹೋಗುವವರನ್ನು ಆಗಲೇ ನೋಡಿರುವ ಮಕ್ಕಳು ಅವರು.

ಇನ್ನು ಫೋಟೋ. ಪಾಲನೆ, ರಕ್ಷಣೆ ಬೇಕಿರುವ ಮಕ್ಕಳ ಗುರುತು ಬಯಲಾಗುವಂತೆ ಹೆಸರು, ಚಿತ್ರ ಪ್ರಕಟಿಸೋದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಕಾನೂನು ಪಕ್ಕಕ್ಕಿಡಿ. ಅಕ್ಕಿ ಮೂಟೆ ತಗೊಳ್ಳುತ್ತಾ ಕ್ಯಾಮೆರಾ ನೋಡುವ ನಿಮ್ಮ ಸ್ವಂತ ತಂದೆಯ ಫೋಟೋ ಯಾರದೋ ಸ್ಟೇಟಸ್‌ನಲ್ಲಿ ಕಂಡರೆ ಹೇಗನ್ನಿಸುತ್ತೆ ಅಂತ ಹುಡುಗರನ್ನು ಒಮ್ಮೆ ಕೇಳಿ. ಉಳಿದದ್ದನ್ನು ಅವರೇ ತೀರ್ಮಾನ ಮಾಡ್ತಾರೆ.

ಆಶ್ರಮಕ್ಕೆ ಹೋಗಲೇಬೇಡಿ ಅಂತಲ್ಲ. ಹೋದರೆ ಒಂದು ವಿಷಯ ಹಿಡಿದು ಹೋಗಿ: ಗಣಿತ, ಚೆಸ್, ಕಂಪ್ಯೂಟರು. ಪ್ರತಿ ಭಾನುವಾರ ಅದೇ ಹೊತ್ತಿಗೆ, ಕನಿಷ್ಠ ಒಂದು ಶೈಕ್ಷಣಿಕ ವರ್ಷ. ಆಗಲ್ಲ ಅಂತಾದರೆ ಹಣ ಕೊಟ್ಟು, ಬರದೇ ಇರೋದು ಪ್ರಾಮಾಣಿಕ.

ಕೊಡುವವರು ಯಾರು, ಪಡೆಯುವವರು ಯಾರು?

ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರ ಕಥೆ ನಿಮಗೆಲ್ಲ ಗೊತ್ತು. ವಿದೇಶಿಯೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸೋಕೆ ಆಗಲಿಲ್ಲ, ತಮ್ಮೂರಿನ ಮಕ್ಕಳಿಗೆ ಹೀಗಾಗಬಾರದು ಅಂತ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು.

ಈ ಕಥೆ ಹೇಳುವಾಗ ನಾವು ಕಿತ್ತಳೆ ಮತ್ತು ಪದ್ಮಶ್ರೀಯ ನಡುವಿನ ಭಾಗವನ್ನು ಬಿಟ್ಟುಬಿಡ್ತೀವಿ. ಕಿತ್ತಳೆ ಮಾರಿ ಉಳಿಸಿದ ಹಣದಿಂದಷ್ಟೇ ಶಾಲೆ ಏಳಲಿಲ್ಲ. ಅನುಮತಿ ಬೇಕು, ಜಾಗ ಬೇಕು, ಮೇಷ್ಟ್ರು ಬೇಕು, ಕೊಠಡಿ ಬೇಕು. ಅದಕ್ಕಾಗಿ ಅವರು ಕಚೇರಿಗಳಿಗೆ ಅಲೆದರು, ದಾನಿಗಳ ಬಾಗಿಲು ತಟ್ಟಿದರು, ಶಾಲೆಯಾದ ಮೇಲೆ ಪಿಯು ಕಾಲೇಜು ಬೇಕು ಅಂತ ಕೇಳಿದರು. ಓದು ಬಾರದ ಮನುಷ್ಯ ವರ್ಷಗಟ್ಟಲೆ ಇಲಾಖೆಯ ಬೆನ್ನು ಹತ್ತಿದ್ದು ಅಪ್ಪಟ ಸಮುದಾಯ ಅಭಿವೃದ್ಧಿ.

ನಮ್ಮ ಟೀ ಶರ್ಟ್ ಶನಿವಾರದ ಪಟ್ಟಿಯಲ್ಲಿ ಹಾಜಬ್ಬ ಯಾವ ಕಾಲಂನಲ್ಲಿ ಬರ್ತಿದ್ದರು? 'ನೆರವು ಬೇಕಾದವರು' ಅನ್ನುವ ಕಾಲಂನಲ್ಲಿ. ಊರಿಗೆ ಏನು ಬೇಕು ಅಂತ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹುಡುಗರಿಗೆ ಇದೊಂದನ್ನು ಹೇಳಿಕೊಡಿ: ನೀವು ಹೋಗುವ ಪ್ರತಿ ಜಾಗದಲ್ಲೂ ನಿಮಗಿಂತ ಮೊದಲೇ ಯಾರೋ ಒಬ್ಬರು ಅದೇ ಸಮಸ್ಯೆಗೆ ಕೈ ಹಾಕಿರುತ್ತಾರೆ. ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆ, ಸಂಘದ ಅಧ್ಯಕ್ಷೆ, ನಿವೃತ್ತ ಮೇಷ್ಟ್ರು. ಮೊದಲು ಅವರನ್ನು ಹುಡುಕಿ, 'ನಿಮಗೆ ಏನು ಬೇಕು' ಅಂತ ಕೇಳಿ, ಅವರು ಹೇಳಿದ ಕೆಲಸ ಮಾಡಿ. ಅದು ಕುರ್ಚಿ ಜೋಡಿಸೋದೇ ಆಗಿದ್ದರೂ ಸರಿ.

ಈಗ ಸರ್ಟಿಫಿಕೇಟ್ ಪ್ರಶ್ನೆಗೆ

ತಮ್ಮನಿಗಾಗಿ ಕೇಳಿದ್ದ ಓದುಗರಿಗೆ ನನ್ನ ಉತ್ತರ ಇಷ್ಟು.

ಕಾಲೇಜಿನಲ್ಲಿ ಎನ್‌ಎಸ್‌ಎಸ್ ಘಟಕ ಇದ್ದರೆ ಮೊದಲು ಅಲ್ಲಿ ಸೇರಿಸಿ. ಗಂಟೆಗಳ ಲೆಕ್ಕ ಇರುತ್ತೆ, ಪ್ರಮಾಣಪತ್ರವೂ ಸಿಗುತ್ತೆ. ಇಲ್ಲದಿದ್ದರೆ ಮನೆಯಿಂದ ನಡೆದು ಹೋಗಬಹುದಾದ ಒಂದು ಜಾಗ ಆರಿಸಿ: ಸರ್ಕಾರಿ ಶಾಲೆ, ಅಂಗನವಾಡಿ, ಊರಲ್ಲಾದರೆ ಗ್ರಾಮ ಪಂಚಾಯತ್ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ. ದೂರ ಇದ್ದರೆ ಮೂರನೇ ವಾರಕ್ಕೆ ಉತ್ಸಾಹ ಇಳಿಯುತ್ತೆ. ಮೊದಲ ತಿಂಗಳು ಅವನು ಏನೂ 'ಮಾಡಬೇಕಿಲ್ಲ'. ಹೋಗಲಿ, ನೋಡಲಿ, ಹೇಳಿದ ಕೆಲಸ ಮಾಡಲಿ, ಐವರ ಜೊತೆ ಮಾತಾಡಲಿ. ಒಂದು ನೋಟ್‌ಬುಕ್‌ನಲ್ಲಿ ಬರೆಯಲಿ. ತಾನು ಏನು ಕೊಟ್ಟೆ ಅಂತಲ್ಲ, ಇವತ್ತು ಯಾವ ಹೊಸ ವಿಷಯ ಗೊತ್ತಾಯ್ತು ಅಂತ. ಎರಡನೇ ತಿಂಗಳಿಂದ ಒಂದೇ ಒಂದು ಸಣ್ಣ ಸಮಸ್ಯೆ ಹಿಡಿದುಕೊಳ್ಳಲಿ. ಅದು ಬಗೆಹರಿಯದಿದ್ದರೂ ಪರವಾಗಿಲ್ಲ, ಯಾಕೆ ಬಗೆಹರಿಯಲಿಲ್ಲ ಅಂತ ಅವನು ವಿವರಿಸುವಂತಾದರೆ ಸಾಕು.

ಒಂದು ವರ್ಷ ಆದ ಮೇಲೆ ಆ ಶಾಲೆಯ ಮುಖ್ಯೋಪಾಧ್ಯಾಯರು ಎರಡು ಸಾಲು ಬರೆದುಕೊಟ್ಟರೆ ಅದೂ ಸರ್ಟಿಫಿಕೇಟೇ. ಸಂದರ್ಶನದಲ್ಲಿ 'ನೀನು ಅಲ್ಲಿ ಏನು ಮಾಡಿದೆ' ಅಂತ ಕೇಳಿದರೆ ಹೇಳೋಕೆ ಅವನ ಹತ್ತಿರ ವಿಷಯ ಇರುತ್ತೆ, ಬರೀ ಫೋಟೋ ಅಲ್ಲ.

ಕೊನೆಗೊಂದು ಕೋರಿಕೆ. ನಿಮ್ಮ ಆಫೀಸಿನ ಮುಂದಿನ ಸೇವಾ ಶನಿವಾರದ ಮೇಲ್ ಬಂದಾಗ, ಆಯೋಜಕರಿಗೆ ಒಂದೇ ಒಂದು ಸಾಲಿನ ಉತ್ತರ ಕಳಿಸಿ: 'ಹೋದ ವರ್ಷ ಹೋಗಿದ್ದ ಶಾಲೆಗೇ ಮತ್ತೆ ಹೋಗೋಣವಾ?' ಏನು ಉತ್ತರ ಬಂತು ಅಂತ ಕೆಳಗೆ ಬರೆಯಿರಿ. ನಿಮ್ಮ ಎನ್‌ಎಸ್‌ಎಸ್ ಕ್ಯಾಂಪಿನ ಊರು ಯಾವುದು, ಆಮೇಲೆ ಯಾವತ್ತಾದರೂ ಅಲ್ಲಿಗೆ ಹೋಗಿದ್ದಿರಾ ಅನ್ನೋದನ್ನೂ ತಿಳಿಸಿ. ಮುಂದಿನ ಅಂಕಣದಲ್ಲಿ ಕೆಲವನ್ನು ಹಂಚಿಕೊಳ್ಳೋಣ.